ಚೀಲದ ಮೇಲೆ ಕೂತವರು

ನಮ್ಮ ಸೋದರಮಾವ ಬಳ್ಳಾರಿ ಕೋರ್ಟಿನ ಹೊರಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ. ಒಂದು ಮರದ ಮೇಜು, ಎರಡು ಸ್ಟೂಲು, ಬಿಸಿಲಿಗೆ ಅಡ್ಡವಾಗಿ ಕಟ್ಟಿದ ತಾಡಪಾಲು, ಇಷ್ಟೇ ಅವನ ಆಫೀಸು. ರಜೆಯಲ್ಲಿ ನಾನು ಪಕ್ಕದಲ್ಲಿ ಕೂತು ಕಾರ್ಬನ್ ಹಾಳೆ ಜೋಡಿಸಿಕೊಡುತ್ತಿದ್ದೆ. ವಕೀಲರ ಗುಮಾಸ್ತರು ತಂದುಕೊಡುತ್ತಿದ್ದ ಕರಡುಗಳಲ್ಲಿ ಆಸ್ತಿ ಪಾಲಿನವು, ಚೆಕ್ ಬೌನ್ಸಿನವು ಇರುತ್ತಿದ್ದವು. ಆದರೆ ಹೆಚ್ಚಿನವು ನಮ್ಮ ಕಡೆ ಎಲ್ಲರೂ ‘ಎಂವಿಸಿ ಕೇಸು’ ಎನ್ನುವ ಅಪಘಾತ ಪರಿಹಾರದ ಅರ್ಜಿಗಳು. ಲಾರಿ ಅಪಘಾತದ ಅರ್ಜಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತಿತ್ತು: ‘ಮೃತನು ಸದರಿ ಲಾರಿಯಲ್ಲಿ … ಆಗಿ ಪ್ರಯಾಣಿಸುತ್ತಿದ್ದನು.’ ಮಾವ ಆ ನಡುವಿನ ಜಾಗವನ್ನು ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಟೈಪ್ ಮಾಡಿ ಮುಗಿಸುತ್ತಿದ್ದ. ಏನು ತುಂಬಬೇಕೆಂದು ವಕೀಲರನ್ನು ಇನ್ನೊಮ್ಮೆ ಕೇಳದೆ ಅದನ್ನು ಮುಟ್ಟುತ್ತಿರಲಿಲ್ಲ.

2001ರ ಬೇಸಿಗೆಯಲ್ಲಿ ಕುರುಗೋಡು ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಒಣಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೊರಟಿದ್ದ ಲಾರಿ ರಾತ್ರಿ ಕೊಪ್ಪಳದ ಹತ್ತಿರ ಮಗುಚಿ, ಚೀಲಗಳ ಮೇಲೆ ಮಲಗಿದ್ದ ಅವಳ ಗಂಡ ಸತ್ತಿದ್ದ. ಗುಮಾಸ್ತ ವಕೀಲರ ಬಳಿ ಹೋಗಿದ್ದಾಗ ಮಾವ ಅವಳನ್ನೇ ಕೇಳಿದ.

“ಏನಂತ ಹೋಗಿದ್ನಮ್ಮಾ ನಿನ್ನ ಗಂಡ? ಹಮಾಲಿ ಮಾಡಾಕಾ, ಮಾಲು ಹಾಕ್ಕೊಂಡಾ?”

“ಎರಡು ಚೀಲ ನಮ್ವೇ ಇದ್ವು ಸಾರ್. ಉಳಿದಿದ್ದೆಲ್ಲ ಬೇರೇರ್ದು.”

“ಎರಡು ಚೀಲ ಅಂತ ಎಲ್ಲ್ಯಾದ್ರೂ ಬರೆದಾರಾ?”

ಅವಳು ಸೆರಗಿನ ಗಂಟಿನಿಂದ ಒಂದು ನೋಟ್‌ಬುಕ್ಕಿನ ಹಾಳೆ ತೆಗೆದಳು. ಲೋಡು ಮಾಡಿಸಿದವನು ಬಾಡಿಗೆ ಲೆಕ್ಕಕ್ಕೆಂದು ಬರೆದಿಟ್ಟಿದ್ದ ಪಟ್ಟಿ. ಯಾರದು ಎಷ್ಟು ಚೀಲ, ಚೀಲಕ್ಕೆ ಎಷ್ಟು ಬಾಡಿಗೆ. ಅವಳ ಗಂಡನ ಹೆಸರಿನ ಮುಂದೆ 2 ಎಂದಿತ್ತು. ಮಾವ ಹಾಳೆಯನ್ನು ಎರಡು ಸಲ ಓದಿ, “ಇದನ್ನ ಕಳಕೋಬ್ಯಾಡಮ್ಮ” ಎಂದ. ಆಮೇಲೆ ಖಾಲಿ ಜಾಗದಲ್ಲಿ ‘ಸರಕಿನ ಮಾಲೀಕ’ ಎಂದು ಟೈಪ್ ಮಾಡಿದ.

ಸತ್ತವನು ಸತ್ತಿದ್ದಾನೆ; ಅವನು ಏನಾಗಿ ಹೋಗಿದ್ದನೆಂಬುದು ಏಕೆ ಇಷ್ಟು ಮುಖ್ಯ ಎಂದು ನನಗೆ ಆಗ ತಿಳಿದಿರಲಿಲ್ಲ. ಮುಂದೆ ಇತಿಹಾಸ ಓದಿ, ಇತಿಹಾಸವನ್ನೇ ಪಾಠ ಮಾಡುವ ಕೆಲಸಕ್ಕೆ ಸೇರಿದ ಮೇಲೆ, ಆ ಖಾಲಿ ಜಾಗಕ್ಕೂ ಒಂದು ಇತಿಹಾಸವಿದೆ ಎಂದು ಗೊತ್ತಾಯಿತು. ಅದು ಶುರುವಾಗುವುದು ಬಳ್ಳಾರಿಯಿಂದ ಬಹಳ ದೂರದಲ್ಲಿ, ಇನ್ನೊಂದು ವಾಹನದ ನೆತ್ತಿಯ ಮೇಲೆ.

1808ರಲ್ಲಿ ಇಂಗ್ಲೆಂಡಿನಲ್ಲಿ ಬೇಕರ್ ಎಂಬಾತ ತನ್ನ ಹೆಂಡತಿಯೊಂದಿಗೆ ಲಂಡನ್ನಿನಿಂದ ಪೋರ್ಟ್ಸ್‌ಮತ್‌ಗೆ ಬಾಡಿಗೆ ಕುದುರೆಗಾಡಿಯಲ್ಲಿ ಹೊರಟಿದ್ದ. ಇಬ್ಬರೂ ಗಾಡಿಯ ಮೇಲ್ಭಾಗದಲ್ಲಿ ಕೂತಿದ್ದರು. ಗಾಡಿ ಮಗುಚಿತು. ಹೆಂಡತಿ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿ ನರಳಿ ತೀರಿಕೊಂಡಳು. ಬೇಕರ್ ಗಾಡಿಯ ಮಾಲೀಕರ ಮೇಲೆ ದಾವೆ ಹೂಡಿದ. ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೊ ಕೊಟ್ಟ ಉತ್ತರ ವಿಚಿತ್ರವಾಗಿತ್ತು. ಅವನ ಮೈಗಾದ ಗಾಯಕ್ಕೆ ಪರಿಹಾರ ಉಂಟು, ಹೆಂಡತಿ ಬದುಕಿದ್ದ ಆ ಒಂದು ತಿಂಗಳು ಅವಳ ಸಾಂಗತ್ಯ ತಪ್ಪಿದ್ದಕ್ಕೂ ಉಂಟು. ಆದರೆ ಅವಳ ಸಾವಿಗೆ ಇಲ್ಲ. ಮನುಷ್ಯನ ಸಾವನ್ನು ಸಿವಿಲ್ ದಾವೆಯಲ್ಲಿ ನಷ್ಟವೆಂದು ಹೇಳಿಕೊಳ್ಳಲು ಬರುವುದಿಲ್ಲ ಎಂಬುದು ಆ ತೀರ್ಪು. ಬೇಕರ್‌ಗೆ ಸಿಕ್ಕಿದ್ದು 100 ಪೌಂಡು. ಈ ನಿಯಮದ ಪ್ರಕಾರ ಗಾಡಿ ಓಡಿಸಿ ಒಬ್ಬನ ಕಾಲು ಮುರಿದರೆ ದುಡ್ಡು ಕೊಡಬೇಕಿತ್ತು, ಸತ್ತೇಹೋದರೆ ಕೊಡಬೇಕಿರಲಿಲ್ಲ.

ರೈಲು ಬಂದ ಮೇಲೆ ಈ ನಿಯಮ ನಡೆಯುವಂತಿರಲಿಲ್ಲ. ಅಪಘಾತಗಳು ಹೆಚ್ಚಿದವು, ಸಾಯುವವರು ಹೆಚ್ಚಿದರು. 1846ರಲ್ಲಿ ಲಾರ್ಡ್ ಕ್ಯಾಂಬೆಲ್‌ನ ಪ್ರಯತ್ನದಿಂದ ಬ್ರಿಟಿಷ್ ಸಂಸತ್ತು ಮಾರಕ ಅಪಘಾತಗಳ ಕಾಯ್ದೆ ಮಾಡಿತು. ನಮ್ಮಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಅಂಥದೇ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೂ ಬಂತು. 1800ರಲ್ಲೇ ನಿಜಾಮನಿಂದ ಕಂಪನಿಯ ಕೈಗೆ ಹೋಗಿದ್ದ ದತ್ತ ಮಂಡಲಗಳಲ್ಲಿ ಬಳ್ಳಾರಿಯೂ ಒಂದಾದ್ದರಿಂದ, ಮದ್ರಾಸ್ ಪ್ರಾಂತದ ಭಾಗವಾಗಿ ನಮ್ಮ ಊರು ಆ ಕಾಯ್ದೆಯ ಕೆಳಗೆ ಬಂತು. ಸತ್ತವನ ಹೆಂಡತಿ ಅಥವಾ ಗಂಡ, ತಂದೆತಾಯಿ, ಮಕ್ಕಳು ಪರಿಹಾರ ಕೇಳಬಹುದು ಎಂದಿತು ಅದು. ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುವ ನಮ್ಮ ಕಡೆಯ ಮನೆಗಳಿಗೆ ಆ ಪಟ್ಟಿ ಚಿಕ್ಕದೇ. ಆದರೂ ಸಾವು ಒಂದು ನಷ್ಟ ಎಂದು ಕಾನೂನು ಒಪ್ಪಿಕೊಂಡಿದ್ದು ಅಲ್ಲಿ.

ಒಪ್ಪಿಕೊಂಡರೂ ಪಡೆಯುವ ದಾರಿ ಕಷ್ಟದ್ದಿತ್ತು. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು, ಕೇಳಿದ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕು, ಚಾಲಕನ ತಪ್ಪನ್ನು ತಾನೇ ಸಾಬೀತು ಮಾಡಬೇಕು. ಇಷ್ಟೆಲ್ಲ ಆದ ಮೇಲೆ ಮಾಲೀಕನ ಬಳಿ ದುಡ್ಡೇ ಇಲ್ಲದಿದ್ದರೆ ಡಿಕ್ರಿ ಬರೀ ಕಾಗದ. ಇದಕ್ಕೆ ಉಪಾಯವಾಗಿ ಬಂದದ್ದು ಕಡ್ಡಾಯ ವಿಮೆ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೊಂದು ಅಧ್ಯಾಯವಿತ್ತು. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ರಸ್ತೆಗೆ ಇಳಿಯುವ ವಾಹನ ತಾನು ಗುದ್ದಬಹುದಾದ ಅಪರಿಚಿತನ ಸಲುವಾಗಿ ಮೊದಲೇ ವಿಮೆ ಮಾಡಿಸಿರಬೇಕು ಎಂಬುದು ಅದರ ತಿರುಳು. ಆದರೆ ಸರಕು ಲಾರಿಗೆ ವಿಮಾ ಕಂಪನಿ ಕೊಡಬೇಕಾದ ಹಣಕ್ಕೆ ಮಿತಿಯಿತ್ತು: ಮೊದಲು 20,000 ರೂಪಾಯಿ, ಆಮೇಲೆ 50,000, 1982ರ ತಿದ್ದುಪಡಿಯಲ್ಲಿ ಒಂದೂವರೆ ಲಕ್ಷ. ಸಾವು ಮತ್ತು ಗಾಯದ ವಿಷಯದಲ್ಲಿ ಆ ಮಿತಿಯನ್ನು ಪೂರ್ತಿ ತೆಗೆದದ್ದು 1988ರ ಹೊಸ ಕಾಯ್ದೆ.

ಈ ನಡುವೆ ಬಳ್ಳಾರಿಯೂ ಬದಲಾಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ಕ್ಕೆ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೆ ಬಿಟ್ಟು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕಾಲುವೆ ನೀರಿಗೆ ಸಿರುಗುಪ್ಪದಲ್ಲಿ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು, ಕುರುಗೋಡಿನ ಕಪ್ಪು ನೆಲದಲ್ಲಿ ಮೆಣಸಿನಕಾಯಿ ಬೆಳೆ ಹಬ್ಬಿತು. ಬೆಳೆದದ್ದನ್ನು ಸಾಗಿಸಲು ಲಾರಿ ಬೇಕು. ಲಾರಿಯ ಜೊತೆ ಹಮಾಲಿ ಬೇಕು, ಮಾಲಿನ ಕಾವಲಿಗೆ ರೈತ ಬೇಕು. ರಾತ್ರಿ ಬಸ್ಸಿಲ್ಲದ ಊರಲ್ಲಿ ಅದೇ ಲಾರಿಗೆ ಕೈ ಅಡ್ಡ ಹಿಡಿದು ಹತ್ತುವವರೂ ಇರುತ್ತಿದ್ದರು.

1956ರ ತಿದ್ದುಪಡಿ ಇಂಥ ಕೇಸುಗಳಿಗೆಂದೇ ಬೇರೆ ನ್ಯಾಯಮಂಡಳಿ ಸ್ಥಾಪಿಸಲು ದಾರಿ ಮಾಡಿತು. ಮಾವ ಟೈಪ್ ಮಾಡುತ್ತಿದ್ದ ಅರ್ಜಿಗಳು ಹೋಗುತ್ತಿದ್ದುದು ಅಲ್ಲಿಗೆ. ಸಿವಿಲ್ ದಾವೆಯ ಬಿಗಿ ಅಲ್ಲಿ ಸಡಿಲವಾಯಿತಾದರೂ ಪೂರ್ತಿ ಹೋಗಲಿಲ್ಲ. ಸರ್ಕಾರಿ ಸಾರಿಗೆ ಬಸ್ಸಿಗೆ ಸಿಕ್ಕಿ ಸತ್ತವನೊಬ್ಬನ ಹೆಂಡತಿ, ಮಗಳು ಶುಲ್ಕದಿಂದ ವಿನಾಯಿತಿ ಕೇಳಿದರೆ, ಹರಿಯಾಣ ಸರ್ಕಾರ ಅದನ್ನು ವಿರೋಧಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಸರ್ಕಾರಕ್ಕೆ ಛೀಮಾರಿ ಹಾಕಿದರು. ಚಾಲಕನ ತಪ್ಪು ಸಾಬೀತಾಗದಿದ್ದರೂ ಸಾವಿಗೆ 15,000 ರೂಪಾಯಿ ಕೊಡಲೇಬೇಕೆಂಬ ನಿಯಮ 1982ರಲ್ಲಿ ಬಂತು. 1988ರ ಕಾಯ್ದೆಯಲ್ಲಿ ಅದು 25,000 ಆಯಿತು, 1994ರಲ್ಲಿ 50,000.

1994ರ ತಿದ್ದುಪಡಿ ನಮ್ಮ ಕಡೆಯವರಿಗೆ ಮೂರು ಕಾರಣಕ್ಕೆ ದೊಡ್ಡದು. ಒಂದು, ಅರ್ಜಿ ಹಾಕಲು ಇದ್ದ ಆರು ತಿಂಗಳ ಗಡುವು ಹೋಯಿತು. ಎರಡು, ಅಪಘಾತ ಎಲ್ಲೇ ಆಗಿರಲಿ, ತಾನು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಕೇಸು ಹಾಕಲು ಅವಕಾಶವಾಯಿತು. ಕೊಪ್ಪಳದ ಹತ್ತಿರ ಸತ್ತವನ ಹೆಂಡತಿ ಬಳ್ಳಾರಿಗೆ ಬಂದು ಕೂತದ್ದು ಈ ಬಲದ ಮೇಲೆ. ಮೂರು, ಲಾರಿಯಲ್ಲಿ ಸಾಗುವ ‘ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ’ಯನ್ನು ಕಡ್ಡಾಯ ವಿಮೆಯ ಒಳಗೆ ಸೇರಿಸಿದರು. ಮಾವ ಟೈಪ್ ಮಾಡಿದ ಆ ಎರಡು ಪದಗಳ ಬೇರು ಇಲ್ಲಿದೆ.

ಹಾಗಾದರೆ ಸರಕಿನ ಮಾಲೀಕನಲ್ಲದವನು? ಅವನು ಡ್ರೈವರ್, ಕ್ಲೀನರ್ ಅಥವಾ ಆ ಲಾರಿಯವನೇ ಕೂಲಿ ಕೊಟ್ಟು ಕರೆತಂದ ಹಮಾಲಿಯಾಗಿದ್ದರೆ 1923ರ ಕಾರ್ಮಿಕ ಪರಿಹಾರ ಕಾಯ್ದೆ ಇತ್ತು; ಅಲ್ಲಿ ಯಾರ ತಪ್ಪೆಂದು ಕೇಳುತ್ತಿರಲಿಲ್ಲ. ಇದ್ಯಾವುದೂ ಅಲ್ಲದೆ ಸುಮ್ಮನೆ ಹತ್ತಿಕೊಂಡವನಿಗೆ ಕಾನೂನಿನಲ್ಲಿ ಬೇರೆ ಹೆಸರಿದೆ: ಪುಕ್ಕಟೆ ಪ್ರಯಾಣಿಕ. ಅವನ ಕತೆಯೇ ಬೇರೆ.

ಅದೇ ಕೊಪ್ಪಳದ ಅಪಘಾತದಲ್ಲಿ ಇನ್ನೊಬ್ಬ ಸತ್ತಿದ್ದ. ಇಪ್ಪತ್ತರ ಹುಡುಗ. ಹಾವೇರಿಯಲ್ಲಿದ್ದ ಅಕ್ಕನನ್ನು ನೋಡಲು ಹೊರಟವನು, ಬಸ್ ಚಾರ್ಜು ಉಳಿಯುತ್ತದೆಂದು ಚೀಲಗಳ ಮೇಲೆ ಹತ್ತಿ ಕೂತಿದ್ದ. ಅವನ ತಾಯಿಯ ಅರ್ಜಿಯನ್ನೂ ಮಾವನೇ ಟೈಪ್ ಮಾಡಿದ. ಆ ಹುಡುಗನ ಹೆಸರು ನೋಟ್‌ಬುಕ್ಕಿನ ಹಾಳೆಯಲ್ಲಿ ಇರಲಿಲ್ಲ. ವಕೀಲರು ಖಾಲಿ ಜಾಗದಲ್ಲಿ ‘ಪ್ರಯಾಣಿಕ’ ಎಂದಷ್ಟೇ ತುಂಬಿಸಿದರು. ಆಗ ಅದರಿಂದ ತೊಂದರೆಯೂ ಇರಲಿಲ್ಲ. 1999ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು, 1988ರ ಕಾಯ್ದೆ ಬಂದ ಮೇಲೆ ಸರಕು ವಾಹನದಲ್ಲಿ ಪುಕ್ಕಟೆ ಹೋಗುವವರ ಹೊಣೆಯೂ ವಿಮಾ ಕಂಪನಿಯದೇ ಎಂದಿತ್ತು. 2002ರಲ್ಲಿ ನ್ಯಾಯಮಂಡಳಿ ಎರಡೂ ಕೇಸುಗಳಲ್ಲಿ ವಿಮಾ ಕಂಪನಿಯೇ ಹಣ ಕಟ್ಟಬೇಕೆಂದು ಆದೇಶ ಮಾಡಿತು. ಕಂಪನಿ ಬೆಂಗಳೂರಿಗೆ, ಹೈಕೋರ್ಟಿಗೆ ಮೇಲ್ಮನವಿ ಹೋಯಿತು.

ಮೇಲ್ಮನವಿ ಬಾಕಿಯಿದ್ದಾಗಲೇ, 2002ರ ಡಿಸೆಂಬರ್ 3ರಂದು, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಿಂದಿನ ತೀರ್ಪು ತಪ್ಪು ಎಂದಿತು. ಸರಕು ವಾಹನ ಇರುವುದು ಸರಕಿಗೆ. ಅದರಲ್ಲಿ ಹತ್ತಿದ ಪ್ರಯಾಣಿಕನ ಸಲುವಾಗಿ ವಿಮೆ ಕಡ್ಡಾಯವಲ್ಲ ಎಂಬುದು ಹೊಸ ನಿಲುವು. ಒಂದೇ ಲಾರಿ, ಒಂದೇ ರಾತ್ರಿ, ಒಂದೇ ಹಳ್ಳ. ಎರಡು ಚೀಲ ಇದ್ದವನ ಹೆಂಡತಿಯ ಆದೇಶ ಉಳಿಯಿತು. ಹುಡುಗನ ತಾಯಿಯ ವಿಷಯದಲ್ಲಿ 2003ರಲ್ಲಿ ವಿಮಾ ಕಂಪನಿಯನ್ನು ಬಿಟ್ಟು, ಲಾರಿ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದಾಯಿತು. ಮಾಲೀಕ ಅಷ್ಟರಲ್ಲಿ ಲಾರಿ ಮಾರಿ ಸಾಲ ತೀರಿಸಿದ್ದ. ಆ ತಾಯಿ ನಾಲ್ಕೈದು ಸಲ ಮಾವನ ಬಳಿ ಬಂದು, “ಏನಾರ ಬಂತೇನಪ್ಪಾ?” ಎಂದು ಕೇಳಿದ್ದನ್ನು ನಾನು ನೋಡಿದ್ದೇನೆ. ಮಾವ ಪ್ರತಿ ಸಲವೂ ಚಾ ತರಿಸುತ್ತಿದ್ದ. ಆಮೇಲೆ ಆಕೆ ಬರುವುದು ನಿಂತುಹೋಯಿತು.

2004ರ ಜನವರಿಯಲ್ಲಿ ಇಂಥದೇ ಇನ್ನೊಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ನಡುದಾರಿ ಹಿಡಿಯಿತು. ಇಷ್ಟು ದಿನ ಕಾನೂನೇ ಸ್ಪಷ್ಟವಿರಲಿಲ್ಲವಾದ್ದರಿಂದ, ಮೊದಲು ವಿಮಾ ಕಂಪನಿ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ‘ಕೊಟ್ಟು ವಸೂಲು ಮಾಡು’ ಎಂಬ ಈ ಕ್ರಮವನ್ನು ಎಲ್ಲಿ ಅನ್ವಯಿಸಬೇಕು, ಎಲ್ಲಿ ಬಾರದು ಎಂಬ ವಾದ ಆಮೇಲೂ ಮುಗಿಯಲಿಲ್ಲ. ಆ ತಾಯಿಗೆ ಅದು ತಡವಾಗಿ ಬಂದ ದಯೆ. ಎರಡು ಚೀಲದವನ ಹೆಂಡತಿಯೂ ಸ್ವಲ್ಪದರಲ್ಲೇ ಪಾರಾದವಳು. 2007ರಲ್ಲಿ ಆಂಧ್ರದ ಕೇಸುಗಳಲ್ಲಿ ಸುಪ್ರೀಂ ಕೋರ್ಟು, ಸರಕಿನ ಮಾಲೀಕನಾದರೂ ಅವನು ಕ್ಯಾಬಿನ್ನಿನಲ್ಲಿ ಕೂತಿರಬೇಕು ಎಂದಿತು. ಅವಳ ಮೇಲ್ಮನವಿ ಅದಕ್ಕೆ ಮೊದಲೇ ಮುಗಿದಿತ್ತು.

ಕುದುರೆಗಾಡಿಯ ನೆತ್ತಿಯ ಮೇಲೆ ಕೂತಿದ್ದ ಬೇಕರನ ಹೆಂಡತಿಗೂ ಚೀಲದ ಮೇಲೆ ಮಲಗಿದ್ದ ನಮ್ಮವರಿಗೂ ನಡುವೆ ಸುಮಾರು ಇನ್ನೂರು ವರ್ಷ. ಸಾವಿಗೆ ಬೆಲೆಯೇ ಇಲ್ಲ ಎಂಬ ಮಾತು ಹೋಯಿತು. ಅದರ ಜಾಗಕ್ಕೆ, ನೀನು ಏನಾಗಿ, ಎಲ್ಲಿ ಕೂತಿದ್ದೆ ಎಂಬ ಪ್ರಶ್ನೆ ಬಂತು.

ಲಾರಿಯ ಒಳಗಿದ್ದವರ ಕತೆ ಹೀಗಾದರೆ, ಲಾರಿಗೆ ಎದುರಾದವರದು ಇನ್ನೊಂದು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ಸಂಡೂರು, ಹೊಸಪೇಟೆ ಕಡೆಯ ಗಣಿಗಳಿಂದ ಬೇಲೆಕೇರಿ, ಕೃಷ್ಣಪಟ್ಟಣದಂಥ ಬಂದರುಗಳಿಗೆ ಲಾರಿಗಳ ಸಾಲು ಹಗಲಿರುಳು ಓಡಿತು. ಅಂಕೋಲಾದಿಂದ ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ ದಾಟಿ ಗುತ್ತಿಗೆ ಹೋಗುವ ಆಗಿನ ರಾಷ್ಟ್ರೀಯ ಹೆದ್ದಾರಿ 63 ಕೆಂಪು ಧೂಳಿನಲ್ಲಿ ಮುಳುಗಿತ್ತು. ಆ ರಸ್ತೆಯಲ್ಲಿ ಸೈಕಲ್ಲಿನವನಿಗೆ, ಎಮ್ಮೆ ಹೊಡೆದುಕೊಂಡು ದಾಟುವವಳಿಗೆ ಕಾನೂನು ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಅವರು ‘ಮೂರನೆಯ ವ್ಯಕ್ತಿ’ಗಳು; ಅವರಿಗಾಗಿಯೇ ಕಡ್ಡಾಯ ವಿಮೆ. ವಿಮಾ ಕಂಪನಿ ಹೊಣೆ ತಪ್ಪಿಸಿಕೊಳ್ಳಬಹುದಾದ ಕಾರಣಗಳನ್ನು ಕಾಯ್ದೆ ಪಟ್ಟಿ ಮಾಡಿದೆ. ಲೈಸೆನ್ಸ್ ಇಲ್ಲದ ಚಾಲಕ ಅದರಲ್ಲೊಂದು. ಮಿತಿಮೀರಿ ಅದಿರು ಹೇರಿದ್ದು ಆ ಪಟ್ಟಿಯಲ್ಲಿಲ್ಲ.

ಆದರೆ ಅದಕ್ಕೆ ಲಾರಿಯ ನಂಬರು ಬೇಕು. ರಾತ್ರಿ, ಧೂಳಿನಲ್ಲಿ, ಒಂದರ ಹಿಂದೆ ಒಂದು ಓಡುವ ಲಾರಿಗಳಲ್ಲಿ ಗುದ್ದಿದ್ದು ಯಾವುದು? ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೆ ಸಿಗುವುದು ಸರ್ಕಾರಿ ಯೋಜನೆಯ ನಿಗದಿತ ಮೊತ್ತ. 1994ರಿಂದ ಅದು ಸಾವಿಗೆ 25,000 ರೂಪಾಯಿ. ಅದಿರಿನ ವರ್ಷಗಳುದ್ದಕ್ಕೂ ಅದು ಅಷ್ಟೇ ಇತ್ತು. ಎರಡು ಲಕ್ಷಕ್ಕೆ ಏರಿದ್ದು 2022ರ ಏಪ್ರಿಲ್ 1ರಿಂದ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಎರಡನೆಯ ವರದಿ ಬಂದ ಬೆನ್ನಲ್ಲೇ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಊರ ಹೊರಗಿನ ಬಯಲುಗಳಲ್ಲಿ ಸಾಲಾಗಿ ನಿಂತವು. ಕಾಡಿಗೆ, ಖಜಾನೆಗೆ ಆದ ನಷ್ಟದ ಲೆಕ್ಕ ವರದಿಗಳಲ್ಲಿ ಸಿಗುತ್ತದೆ. ರಸ್ತೆಯಲ್ಲಿ ಸತ್ತವರ ಲೆಕ್ಕ ಬಿಡಿಬಿಡಿಯಾಗಿ ಎಂವಿಸಿ ಫೈಲುಗಳಲ್ಲಿ ಉಳಿದಿದೆ.

ಆ ಫೈಲುಗಳಲ್ಲಿ ಜೀವಕ್ಕೆ ಬೆಲೆ ಕಟ್ಟುವ ಕ್ರಮವೂ ಬದಲಾಗುತ್ತ ಬಂತು. ಒಬ್ಬೊಬ್ಬ ನ್ಯಾಯಾಧೀಶರ ಲೆಕ್ಕ ಒಂದೊಂದು ರೀತಿ ಇರಬಾರದೆಂದು 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕ ಗುಣಕದ ಪಟ್ಟಿ ಕೊಟ್ಟಿತು. 2017ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಪ್ರಣಯ್ ಸೇಥಿ ಪ್ರಕರಣದಲ್ಲಿ, ನಿಶ್ಚಿತ ಸಂಬಳವಿಲ್ಲದ ದುಡಿಮೆಗಾರನ ಆದಾಯವೂ ಮುಂದೆ ಹೆಚ್ಚುತ್ತಿತ್ತು ಎಂದು ಒಪ್ಪಿಕೊಂಡಿತು. ನಲವತ್ತರ ಒಳಗಿನವನಾದರೆ ಶೇಕಡಾ 40 ಸೇರಿಸಬೇಕು. ಉದಾಹರಣೆಗೆ, 34 ವರ್ಷದ ಕೂಲಿಕಾರನ ತಿಂಗಳ ಗಳಿಕೆ 8,000 ಎಂದುಕೊಳ್ಳೋಣ. ಶೇಕಡಾ 40 ಸೇರಿಸಿದರೆ 11,200. ಅವನನ್ನೇ ನಂಬಿದವರು ನಾಲ್ವರಿದ್ದರೆ, ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದು 8,400. ವರ್ಷಕ್ಕೆ 1,00,800. ಆ ವಯಸ್ಸಿನ ಗುಣಕ 16, ಒಟ್ಟು 16,12,800. ಅದರ ಮೇಲೆ ಅಂತ್ಯಕ್ರಿಯೆ ಮುಂತಾದ ಬಾಬತ್ತುಗಳು. 1808ರ ಸೊನ್ನೆಯಿಂದ ಇಲ್ಲಿಯವರೆಗೆ ಬಂದದ್ದು ಸಣ್ಣ ಮಾತಲ್ಲ. ಪೇ ಸ್ಲಿಪ್ ಇಲ್ಲದ ಕೂಲಿಯ ಮಾತನ್ನು ನಂಬಬೇಕು ಎಂದು 2011ರಲ್ಲಿ ಕರ್ನಾಟಕದ ಗಾಯಾಳು ಕೂಲಿಕಾರನೊಬ್ಬನ ಕೇಸಿನಲ್ಲೇ ಸುಪ್ರೀಂ ಕೋರ್ಟು ಹೇಳಿತು. ಅವನು ತಿಂಗಳಿಗೆ 4,500 ದುಡಿಯುತ್ತಿದ್ದೆ ಎಂದಿದ್ದ, ನ್ಯಾಯಮಂಡಳಿ 3,000ಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟು ಅವನು ಹೇಳಿದ್ದನ್ನೇ ಒಪ್ಪಿತು.

ಮೇಲ್ಮನವಿಯ ದಾರಿಯೂ ಹತ್ತಿರವಾಯಿತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಗಿ, 2013ರಲ್ಲಿ ಕಾಯಂ ಆಯಿತು. ಬಳ್ಳಾರಿಯ ಕೇಸುಗಳು ಈಗ ಅಲ್ಲಿಗೆ ಹೋಗುತ್ತವೆ. ಇನ್ನೊಂದು ಕಡೆ, 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಮತ್ತೆ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ತಿಥಿ ಮುಗಿದು, ಕೈಸಾಲ ತೀರಿಸಿ, ಎಫ್‌ಐಆರ್, ಪಂಚನಾಮೆಯ ನಕಲಿಗೆ ಅಲೆದು, ಯಾರೋ ಹೇಳಿದ ಮೇಲೆ ವಕೀಲರ ಬಳಿ ಬರುವ ಮನೆಗೆ ಆರು ತಿಂಗಳು ಎಷ್ಟು ಬೇಗ ಹೋಗುತ್ತದೆಂದು ಮಾವನ ಮೇಜಿನ ಪಕ್ಕ ಕೂತವರಿಗೆ ಗೊತ್ತು.

ಮಾವ ಈಗಿಲ್ಲ. ಕಳೆದ ಮೆಣಸಿನಕಾಯಿ ಸುಗ್ಗಿಯಲ್ಲಿ ಸಿರುಗುಪ್ಪಕ್ಕೆ ಹೋಗಿದ್ದೆ. ಈಗ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ. ತೆಕ್ಕಲಕೋಟೆಯ ಈಚೆ ಒಂದು ಸಣ್ಣ ಸರಕು ಗಾಡಿ ನಮ್ಮ ಬಸ್ಸಿನ ಮುಂದೆ ಹೋಗುತ್ತಿತ್ತು. ಹಿಂದಿನ ತೊಟ್ಟಿಯಲ್ಲಿ ಕಾಯಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ನಿಂತಿದ್ದರು, ಹದಿನೈದು ಜನರಾದರೂ ಇದ್ದರು. ತಲೆಗೆ ಟವೆಲ್ಲು, ಕೈಯಲ್ಲಿ ಬುತ್ತಿ. ಅವರ ಸ್ವಂತದ ಚೀಲ ಅದರಲ್ಲಿ ಒಂದೂ ಇರಲಿಲ್ಲ. ಕೂಲಿಗೆ ಕರೆದವನು ಹೊಲದವನು, ಗಾಡಿ ಇನ್ನೊಬ್ಬನದು. ಹಾಗಾಗಿ ಅವರು ಗಾಡಿಯವನ ಕೆಲಸದವರೂ ಅಲ್ಲ. ಅದು ಸರಕು ಗಾಡಿಯಾದ್ದರಿಂದ ಪ್ರಯಾಣಿಕರೂ ಅಲ್ಲ. ಎದುರಿನಿಂದ ಭತ್ತದ ಲಾರಿಯೊಂದು ಬಂದಾಗ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಆ ಲಾರಿಯೇ ಬಂದು ಗುದ್ದಿದರೆ ಅದರ ವಿಮೆ ಇವರಿಗೆ ಆದೀತು. ತಾವು ನಿಂತ ಗಾಡಿಯೇ ಮಗುಚಿದರೆ ‘ಸದರಿ ವಾಹನದಲ್ಲಿ … ಆಗಿ’ ಎಂಬಲ್ಲಿ ಏನು ಬರೆಯಬೇಕು? ಮಾವ ಇದ್ದಿದ್ದರೆ ಮೊದಲು ಏನು ಕೇಳುತ್ತಿದ್ದನೆಂದು ನನಗೆ ಗೊತ್ತು: ಎಲ್ಲ್ಯಾದ್ರೂ ಬರೆದಾರಾ?